ದಾರದ ಹೆಡ್ಡಿನ ಕಥಿ: ಹೂಸ್ಟನ್‌ದಿಂದ ಹಲಸಿಗೆ

ಕಸ ಹೊಡೆಯೋ ಮಷಿನ್ ಈಗ ನಮ್ಮ ಕಡೆ ಓಣಿಗೆ ಎರಡು ಮೂರು ಆಗ್ಯಾವ. ಮಳಿ ಕಡಿಮಿ ಆಗಿ ಭತ್ತ ತೆನಿ ಹಿಡಿಯೋ ಹೊತ್ತಿಗೆ ನಮಗ ಒಂದಿಷ್ಟು ಬಿಡುವು ಸಿಗತೈತಿ. ಆಗ ಇದೇ ಮಷಿನ್ ಹೆಗಲಿಗೆ ಹಾಕ್ಕೊಂಡು ಫಾರ್ಮ್‌ಹೌಸ್ ಲಾನ್, ಶಾಲಿ ಮೈದಾನ, ಗುಡಿ ಅಂಗಳ, ಬೆಳಗಾವಿ ಕಡೆಯ ಲೇಔಟ್ ಅಂತ ಹುಲ್ಲು ಹೊಡೆಯೋ ಕೆಲಸಕ್ಕ ಹೋಗೋ ಹುಡುಗರೂ ಹೆಚ್ಚಾಗ್ಯಾರ. ಅವರು ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಲಾನ್ ಕೆಲಸಕ್ಕ ಯಾವ ಹೆಡ್ ಹಾಕಸ್ಲಿ?"

ಅಂಗಡಿಗೆ ಹೋದ್ರ ಅವರ ಕಡೆ ಇದ್ದದ್ದನ್ನ ಕೊಡ್ತಾರ. ಮೊಬೈಲ್‌ದಾಗ ನೋಡಿದ್ರ ನೂರು ನಮೂನಿ ಕಾಣ್ತಾವ, ಎಲ್ಲಾದಕ್ಕೂ ಐದು ಚುಕ್ಕಿ. ನನ್ನ ಉತ್ತರ ಸ್ವಲ್ಪ ಉದ್ದ ಐತಿ, ಯಾಕಂದ್ರ ಈ ಹೆಡ್ಡುಗಳಿಗೆ ಒಂದೊಂದಕ್ಕೂ ಒಂದು ಹಿನ್ನೆಲೆ ಇದೆ. ಯಾರು ಮಾಡಿದ್ರು, ಎಂಥ ಹುಲ್ಲಿಗೆ ಮಾಡಿದ್ರು, ಏನನ್ನ ಕಾಯಾಕ ಮಾಡಿದ್ರು ಅನ್ನೋದು ತಿಳಿದ್ರ ನಮ್ಮ ಹೊಲಕ್ಕ, ನಮ್ಮ ಕೂಲಿ ಕೆಲಸಕ್ಕ ಯಾವುದು ಹೊಂದತೈತಿ ಅಂತ ಯಾರನ್ನೂ ಕೇಳೋದು ಬೇಕಾಗಂಗಿಲ್ಲ. ಹಿಂಗಾಗಿ ಈ ಸಲದ ಟಿಪ್ಪಣಿ ಹುಲ್ಲು ಕೊಯ್ಯೋದರ ಚರಿತ್ರೆ. ಓದಾಕ ಹೊತ್ತು ಇಲ್ಲದವರು ಕೊನೆಯ ಭಾಗಕ್ಕ ಹೋಗಬಹುದು, ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ.

ಮೊದಲು ನಮ್ಮ ಊರಿನಿಂದ ಶುರು ಮಾಡ್ತೀನಿ. ಹಲಸಿ ಅಂದ್ರ ಹಳೇ ಪಲಾಶಿಕಾ. ಪಲಾಶ ಅಂದ್ರ ಮುತ್ತಲ ಗಿಡ. ಹಳಗನ್ನಡದ ಪಕಾರ ಹಕಾರ ಆದಂಗ ಪಲಸಿ ಹೋಗಿ ಹಲಸಿ ಆಯ್ತು. ಹಲಸಿನ ಹಣ್ಣಿಗೂ ಊರ ಹೆಸರಿಗೂ ಸಂಬಂಧ ಇಲ್ಲ, ಈ ಮಾತು ಪ್ಯಾಟಿಯಿಂದ ಬಂದವರಿಗೆ ಎಷ್ಟು ಸಲ ಹೇಳೀನೋ. ಬನವಾಸಿ ಕದಂಬರ ಕಾಲದಾಗ ಇದು ರಾಜ್ಯದ ದೊಡ್ಡ ಪಟ್ಟಣ. ಹತ್ತೊಂಬತ್ತನೇ ಶತಮಾನದಾಗ ಇಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಓದಿ ಅಚ್ಚು ಹಾಕಿಸಿದರು. ನಾವು ರೈತರು ಅವನ್ನ ರಾಜರ ಹೆಸರಿಗಾಗಿ ಅಲ್ಲ, ಹೊಲದ ಲೆಕ್ಕಕ್ಕಾಗಿ ಓದಬೇಕು. ರವಿವರ್ಮನ ತಮ್ಮ ಭಾನುವರ್ಮನ ಕಾಲದ ಪಟದಾಗ ಪಲಾಶಿಕೆಯ 'ಕರ್ದಮಪಟಿ' ಅನ್ನೋ ಹೊಲದಲ್ಲಿ, ರಾಜಮಾನದ ಅಳತೆಯಂತೆ 15 ನಿವರ್ತನ ಭೂಮಿಯನ್ನು, ತೆರಿಗೆ ಇಲ್ಲದೆ, ಪ್ರತಿ ಹುಣ್ಣಿಮೆ ಜಿನನ ಅಭಿಷೇಕಕ್ಕಾಗಿ ಬಿಟ್ಟುಕೊಟ್ಟ ದಾಖಲೆ ಇದೆ. ಕರ್ದಮ ಅಂದ್ರ ಕೆಸರು. ಅಂದ್ರ ಸಾವಿರದ ಐದುನೂರು ವರ್ಷದ ಹಿಂದೆನೂ ನಮ್ಮೂರ ಸುತ್ತ ಕೆಸರು ಗದ್ದಿ ಇದ್ದವು, ಅವಕ್ಕ ಹೆಸರಿದ್ದವು, ಅಳತಿ ಇತ್ತು. ಕೆಸರು ಗದ್ದಿ ಇದ್ದಲ್ಲಿ ಬದು ಇದ್ದೇ ಇರತೈತಿ. ಬದು ಇದ್ದಲ್ಲಿ ಹುಲ್ಲು.

ಆ ಹುಲ್ಲಿಗೆ ಆಗ ಯಾರೂ ಕಸ ಅಂದಿರಲಿಕ್ಕಿಲ್ಲ. ನಮ್ಮ ಅಜ್ಜನ ಕಾಲದವರೆಗೂ ಬದುವಿನ ಹುಲ್ಲು ಅಂದ್ರ ಎಮ್ಮಿ ಮೇವು. ಕುಡಗೋಲು ಹಿಡಿದು ಕೂತು, ಎಡಗೈಯಾಗ ಹಿಡಿ ಹಿಡಿದು ಕೊಯ್ದು, ಹೊರೆ ಕಟ್ಟಿ ತಲಿ ಮ್ಯಾಲೆ ಹೊತ್ತುಕೊಂಡು ಬರೋದು. ಈ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದ್ದು, ಈಗಲೂ. ಆ ಕುಡಗೋಲಿನಾಗೂ ಆಯ್ಕೆ ಇತ್ತು ಅನ್ನೋದನ್ನ ಮರೀಬ್ಯಾಡ್ರಿ: ಭತ್ತ ಕೊಯ್ಯಾಕ ಸಣ್ಣ ಹಲ್ಲಿನ ಕುಡಗೋಲು, ಹಸಿ ಹುಲ್ಲಿಗೆ ನುಣುಪು ಬಾಯಿದು, ಪೊದಿ ಕಡಿಯಾಕ ಕೊಯ್ತಾ. ಒಂದೇ ಕಬ್ಬಿಣ, ಬಾಯಿ ಬ್ಯಾರೆ ಬ್ಯಾರೆ. ಕಮ್ಮಾರನ ಮುಂದ ನಿಂತು ಹೇಳಿ ಮಾಡಿಸ್ತಿದ್ರು. ಮಷಿನ್ನಿನ ಹೆಡ್ ಆರಿಸೋದೂ ಇದೇ ಮಾತು. ಫರಕು ಅಂದ್ರ ಕಮ್ಮಾರ ನಮ್ಮ ಹೊಲ ನೋಡಿದ್ದ, ಈ ಹೆಡ್ ಮಾಡಿದವರು ನೋಡಿಲ್ಲ.

ಇನ್ನ ಲಾನ್ ಅನ್ನೋದು. ದನ ಮೇಯಾಕ ಅಲ್ಲ, ಕೊಯ್ದು ಹಾಕಾಕ ಅಲ್ಲ, ನೋಡಾಕ ಮತ್ತ ಅಡ್ಡಾಡಾಕ ಹುಲ್ಲು ಬೆಳಸೋದು ಇಂಗ್ಲೆಂಡಿನ ಶ್ರೀಮಂತರ ಪದ್ಧತಿ. ಅಲ್ಲಿ ಮೊದಲು ಉದ್ದ ಹಿಡಿಕಿಯ ದೊಡ್ಡ ಕುಡಗೋಲು ಬೀಸಿ ಸಾಲಾಗಿ ಆಳು ನಿಂತು ಲಾನ್ ಕೊಯ್ಯುತ್ತಿದ್ರು, ಮುಂಜಾನಿ ಮಂಜು ಆರೋದರೊಳಗ, ಯಾಕಂದ್ರ ಒದ್ದಿ ಹುಲ್ಲು ಬಾಗದೆ ಕತ್ತರಿಸತಿತ್ತು. 1830ರಲ್ಲಿ ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಕಡೆಯ ಎಡ್ವಿನ್ ಬಡ್ಡಿಂಗ್ ಅನ್ನೋ ಕಾರೀಗಾರ ಲಾನ್‌ಮೂವರ್‌ಗೆ ಪೇಟೆಂಟ್ ತಗೊಂಡ. ಆ ಕಲ್ಪನೆ ಅವನಿಗೆ ಬಂದದ್ದು ಹೊಲದಾಗ ಅಲ್ಲ, ಉಣ್ಣಿ ಬಟ್ಟಿ ಗಿರಣಿಯಾಗ: ನೇಯ್ದ ಬಟ್ಟಿ ಮ್ಯಾಲೆ ಎದ್ದ ಎಳಿಗಳನ್ನ ಸಮ ಮಾಡಿ ಕತ್ತರಿಸೋ ಉರುಳಿ ಬ್ಲೇಡಿನ ಯಂತ್ರ ನೋಡಿ. ಬಟ್ಟಿ ಸಮ ಮಾಡೋದು ಹುಲ್ಲು ಸಮ ಮಾಡಾಕ ಯಾಕ ಬರಂಗಿಲ್ಲ ಅಂತ.

ನಮ್ಮ ಕಡೆ ಲಾನ್ ಬಂದದ್ದು ಬ್ರಿಟಿಷರ ಜೋಡಿ. 1818ರಲ್ಲಿ ಬೆಳಗಾವಿ ಕೋಟಿ ಅವರ ಕೈಗೆ ಹೋಯ್ತು, ಆಮ್ಯಾಲೆ ದಂಡು ಬಂದು ಕ್ಯಾಂಪ್ ಆಯ್ತು. ಕ್ಯಾಂಪಿನ ಬಂಗಲೆ ಅಂಗಳದ ಹುಲ್ಲು ಕೊಯ್ಯಾಕ ಹೋಗ್ತಿದ್ದವರು ಸುತ್ತಲಿನ ಹಳ್ಳಿಯವರೇ ಅಲ್ದ ಮತ್ತ್ಯಾರು? ಈಗ 2012ರಾಗ ಉದ್ಘಾಟನೆ ಆದ ಸುವರ್ಣ ವಿಧಾನಸೌಧದ ಸುತ್ತ ಇರೋ ಹಸಿರು ನೋಡ್ರಿ, ಜಾಂಬೋಟಿ ರಸ್ತಾಕ್ಕ ಎದ್ದಿರೋ ರೆಸಾರ್ಟ್ ನೋಡ್ರಿ. ಕೆಲಸ ಅದೇ, ಕೈಯಾಗಿನ ಸಾಮಾನು ಬದಲಾಗೈತಿ.

ಬಡ್ಡಿಂಗನ ಮೂವರ್ ಬಯಲಿಗೆ ಛಲೋ. ಆದ್ರ ಅದು ಗೋಡಿ ಬುಡಕ್ಕ ಹೋಗಂಗಿಲ್ಲ, ಗಿಡದ ಸುತ್ತ ತಿರುಗಂಗಿಲ್ಲ, ಕಲ್ಲಿನ ಸಂದಿಗೆ ಇಳಿಯಂಗಿಲ್ಲ. ಅಂಚು ಉಳಿದೇ ಉಳೀತಿತ್ತು. ಸುಮಾರು ನೂರಾ ನಲವತ್ತು ವರ್ಷ ಆ ಅಂಚನ್ನ ಜಗತ್ತಿನ ಎಲ್ಲಾ ಕಡೆ ಕೈಯಿಂದನ ಕೊಯ್ದರು. ನಮ್ಮ ಪ್ರಶ್ನೆಯ ಉತ್ತರ ಹುಟ್ಟಿದ್ದು ಈ ಅಂಚಿನಾಗ.

ಅಮೆರಿಕದ ಟೆಕ್ಸಾಸ್ ರಾಜ್ಯದ ಹೂಸ್ಟನ್ ಊರಾಗ ಜಾರ್ಜ್ ಬಲಾಸ್ ಅನ್ನೋ ಮನುಷ್ಯ ಇದ್ದ. 1925ರಲ್ಲಿ ಹುಟ್ಟಿದವ, ಡಾನ್ಸ್ ಕಲಿಸೋ ಸ್ಟುಡಿಯೋ ನಡೆಸ್ತಿದ್ದ. ರೈತನೂ ಅಲ್ಲ, ಇಂಜಿನಿಯರೂ ಅಲ್ಲ. ಅವನ ಮನಿ ಸುತ್ತ ದೊಡ್ಡ ಲಾನ್, ಅದರ ತುಂಬ ಗಿಡ. ಬ್ಲೇಡಿನ ಸಾಮಾನು ಗಿಡದ ಬುಡಕ್ಕ ಒಯ್ದ್ರ ತೊಗಟಿಗೆ ಪೆಟ್ಟು, ಬೇರಿಗೆ ಪೆಟ್ಟು. 1971ರಲ್ಲಿ ಒಮ್ಮೆ ಕಾರು ತೊಳೆಯೋ ಯಂತ್ರದೊಳಗ ಕೂತಾಗ ದೊಡ್ಡ ದೊಡ್ಡ ನೈಲಾನ್ ಬ್ರಷ್ ತಿರುಗೋದು ನೋಡಿದ. ತಿರುಗಾಗ ಆ ಎಳಿಗಳು ಕಡ್ಡಿಯಂಗ ನೆಟ್ಟಗ ನಿಲ್ತಾವ, ಮೂಲಿ ಮೂಲಿಗೆ ಹೋಗಿ ಹೊಲಸು ಉಜ್ಜತಾವ, ಆದ್ರ ಕಾರಿನ ಬಣ್ಣಕ್ಕ ಗೀರು ಬೀಳಂಗಿಲ್ಲ. ಮನಿಗೆ ಬಂದು ಪಾಪ್‌ಕಾರ್ನ್ ಡಬ್ಬಿಗೆ ತೂತು ಹಾಕಿ, ಮೀನು ಹಿಡಿಯೋ ಗಾಳದ ದಾರ ಸೇರಿಸಿ, ಲಾನ್ ಅಂಚು ಕತ್ತರಿಸೋ ಮಷಿನ್ನಿಗೆ ಕಟ್ಟಿ ತಿರುಗಿಸಿದ. ಹುಲ್ಲು ಹರಿದು ಬಿತ್ತು, ಗಿಡ ಉಳೀತು.

ಡಬ್ಬಿ ತಗೊಂಡು ಕಂಪನಿ ಕಂಪನಿ ಅಡ್ಡಾಡಿದ, ಯಾರೂ ಒಪ್ಪಲಿಲ್ಲ. ದಾರದಿಂದ ಹುಲ್ಲು ಕೊಯ್ತೀನಿ ಅಂದ್ರ ಯಾರು ನಂಬ್ತಾರ? ಕಡೀಕೆ ತಾನೇ ಮಾಡಿ 'ವೀಡ್ ಈಟರ್' ಅನ್ನೋ ಹೆಸರಿನಾಗ ಮಾರಾಕ ಹತ್ತಿದ. ಐದಾರು ವರ್ಷದೊಳಗ ಅದು ಎಷ್ಟು ದೊಡ್ಡದಾಯ್ತಂದ್ರ 1977ರಲ್ಲಿ ಎಮರ್ಸನ್ ಎಲೆಕ್ಟ್ರಿಕ್ ಕಂಪನಿ ಅದನ್ನ ಖರೀದಿ ಮಾಡ್ತು. ಬಲಾಸ್ ತೀರಿಕೊಂಡದ್ದು 2011ರಲ್ಲಿ.

ದಾರದ ಕಥಿನೂ ಸಣ್ಣದಲ್ಲ. ನೈಲಾನನ್ನು 1935ರಲ್ಲಿ ಡ್ಯೂಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ವ್ಯಾಲೇಸ್ ಕರೋದರ್ಸ್ ಅವರ ತಂಡ ಮೊದಲು ತಯಾರಿಸಿತು. ಅದು 1938ರಲ್ಲಿ ಅಂಗಡಿಗೆ ಬಂದದ್ದು ಹಲ್ಲುಜ್ಜೋ ಬ್ರಷ್ಷಿನ ಎಳಿಯಾಗಿ. ಹಂದಿ ಕೂದಲಿನ ಬ್ರಷ್ ಹೋಗಿ ನೈಲಾನ್ ಬಂತು. ಆಮ್ಯಾಲೆ ಕಾಲುಚೀಲ, ಗಾಳದ ದಾರ, ಪ್ಯಾರಾಚೂಟ್. ಹಲ್ಲಿನಿಂದ ಶುರುವಾಗಿ ಕಾರಿಗೆ, ಕಾರಿನಿಂದ ನಮ್ಮ ಬದುವಿಗೆ.

ಒಂದು ಮೆತ್ತನ್ನ ದಾರ ಹುಲ್ಲು ಹೆಂಗ ಕೊಯ್ಯತೈತಿ? ಹರಿತದಿಂದ ಅಲ್ಲ, ವೇಗದಿಂದ. ಲೆಕ್ಕ ಹಾಕಿ ನೋಡ್ರಿ. ಹೆಡ್ ನಿಮಿಷಕ್ಕ 7000 ಸುತ್ತು ತಿರುಗಿದ್ರ, ದಾರದ ತುದಿ ನಡುವಿನಿಂದ 20 ಸೆಂಟಿಮೀಟರ್ ದೂರ ಇದ್ರ, ಆ ತುದಿ ಸೆಕೆಂಡಿಗೆ ಸುಮಾರು 146 ಮೀಟರ್ ಓಡತೈತಿ. ತಾಸಿಗೆ ಐದುನೂರು ಕಿಲೋಮೀಟರ್ ಮ್ಯಾಲೆ. ಕೊಯ್ಯೋದು ತುದಿ ಮಾತ್ರ. ನಡುವಿಗೆ ಬಂದಷ್ಟೂ ವೇಗ ಕಡಿಮಿ, ಅಲ್ಲಿ ಹುಲ್ಲು ಕೊಯ್ಯಂಗಿಲ್ಲ, ಸುತ್ಕೋತೈತಿ. ಹುಡುಗರು ಹೆಡ್ಡನ್ನ ಹುಲ್ಲಿನೊಳಗ ಪೂರಾ ತುರುಕ್ತಾರ, ಅದಕ್ಕ ಹೆಡ್ಡಿನ ಕುತ್ತಿಗಿಗೆ ಕಾಂಗ್ರೆಸ್ ಕಸದ ಹಗ್ಗ ಸುತ್ತಿ ಮಷಿನ್ ಕೂಗತೈತಿ. ತುದಿಯಿಂದ ತಿನ್ನಿಸಬೇಕು, ಎಮ್ಮಿ ಮೇದಂಗ.

ಇಲ್ಲಿಗೆ ದಾರದ ವಂಶ ಒಂದು ಕಡೆ ಆಯ್ತು. ಆದ್ರ ನಮ್ಮ ಹೆಗಲ ಮ್ಯಾಲಿರೋ ಮಷಿನ್ ಆ ವಂಶದ್ದಲ್ಲ. ಅದು ಜಪಾನಿನ ಕಡೆಯ ವಂಶ, ಇದನ್ನ ತಿಳ್ಕೊಳ್ಳದೆ ಹೆಡ್ ಆರಿಸಾಕ ಹೋದ್ರ ಅಲ್ಲೇ ಎಡವೋದು.

ಜಪಾನ್ ನಮ್ಮಂಗ ಭತ್ತದ ನಾಡು. ಗುಡ್ಡದ ಇಳಿಜಾರಿಗೆ ಮೆಟ್ಟಲು ಮೆಟ್ಟಲು ಗದ್ದಿ, ಅವಕ್ಕ ಎತ್ತರದ ಬದು. ಅಲ್ಲಿ 1960ರ ಸುಮಾರಿಗೆ ಹೆಗಲಿಗೆ ಹಾಕ್ಕೊಂಡು ಕೆಲಸ ಮಾಡೋ, ಇಂಜಿನ್ನಿನ ಬ್ರಷ್ ಕಟರ್ ಬಂತು. ಈಗ ಎಕೋ ಅಂತ ಹೆಸರಿರೋ ಕಂಪನಿ, ಆಗಿನ ಕ್ಯೋರಿತ್ಸು, ಇದರಾಗ ಮುಂಚೂಣಿ. ಉದ್ದ ಕೊಳವಿ, ಹಿಂದ ಇಂಜಿನ್, ಮುಂದ ಗೇರ್ ಡಬ್ಬಿ, ಅದರ ಕೆಳಗ ತಿರುಗೋ ಉಕ್ಕಿನ ಬ್ಲೇಡ್. ಅದು ಹುಟ್ಟಿದ್ದೇ ಬ್ಲೇಡಿಗೆ. ದಪ್ಪ ಹುಲ್ಲು, ಪೊದಿ, ಎಳೆ ಬಿದಿರು ಕಡಿಯಾಕ. ಲಾನ್ ಅದರ ಕನಸಿನಾಗೂ ಇರಲಿಲ್ಲ.

ಮುಂದ ಎರಡೂ ವಂಶ ಕೂಡಿದವು. ಬಲಾಸನ ದಾರದ ಹೆಡ್ಡನ್ನ ಜಪಾನಿ ನಮೂನಿ ಬ್ರಷ್ ಕಟರಿನ ಮೂಗಿಗೆ ಸಿಗಸಿದ್ರು. ಈಗ ನಮ್ಮ ಪ್ಯಾಟಿಯಾಗ ಸಿಗೋದು ಇಂಥ ಕೂಡು ಮಷಿನ್. ನಮಗಿಂತ ಮೊದಲ ಮಲೆನಾಡು, ಕರಾವಳಿಯ ಅಡಿಕಿ ತೋಟದವರು ಇದನ್ನ ಹಿಡಿದ್ರು. 2014-15ರಿಂದ ಕೃಷಿ ಯಾಂತ್ರೀಕರಣದ ಸಬ್ಸಿಡಿ, ಬಾಡಿಗಿ ಕೇಂದ್ರ ಅಂತ ಶುರುವಾದ ಮ್ಯಾಲೆ ಬಯಲು ಕಡೆಗೂ ಹಬ್ಬಿತು. ಬಾಕ್ಸಿನಾಗ ಮೂರು ಹಲ್ಲಿನ ಬ್ಲೇಡ್, 80 ಹಲ್ಲಿನ ದುಂಡು ಬ್ಲೇಡ್, ಒಂದು ಪ್ಲಾಸ್ಟಿಕ್ ದಾರದ ಹೆಡ್ ಮೂರೂ ಕೊಡ್ತಾರ. ಮೂರರ ಹುಟ್ಟೂ ಬ್ಯಾರೆ, ಆದ್ರ ಗಾರ್ಡ್ ಒಂದೇ ಕೊಡ್ತಾರ!

ಗಾರ್ಡಿನ ಮಾತು ಬಂತಲ್ಲ, ಹೇಳಿಬಿಡ್ತೀನಿ. ದಾರಕ್ಕ ಬೇಕಾದ ಗಾರ್ಡಿಗೆ ಒಂದು ಸಣ್ಣ ಚಾಕು ಇರತೈತಿ. ದಾರ ಉದ್ದ ಬಂದ ಕೂಡಲೇ ಅದು ಕತ್ತರಿಸಿ ಅಳತಿಗೆ ತರತೈತಿ. ಅಡ್ಡಿ ಆಗತೈತಂತ ಗಾರ್ಡ್ ಬಿಚ್ಚಿ ಒಗೆದವರ ಮಷಿನ್ನಿಗೆ ದಾರ ಉದ್ದ ಉಳೀತೈತಿ. ಉದ್ದ ದಾರ ಗಾಳಿಯಾಗ ತಿರುಗಾಕನ ಇಂಜಿನ್ನಿನ ಶಕ್ತಿ ತಿನ್ನತೈತಿ, ಸುತ್ತು ಇಳೀತಾವ, ಕ್ಲಚ್ ಜಾರತೈತಿ, ಬಿಸಿ ಆಗಿ ಸುಡತೈತಿ. ಆಮ್ಯಾಲೆ "ಚೀನಾ ಮಾಲು, ಹೋತು" ಅಂತ ಬೈತಾರ. ಕಣ್ಣಿಗೆ ಕಲ್ಲು ಬಡಿಯೋದು ಬ್ಯಾರೆ ಮಾತು.

ದಾರದ ಹೆಡ್ಡಿನೊಳಗ ಮೂರು ಜಾತಿ.

ಮೊದಲನೇದು, ಬಲಾಸನ ಡಬ್ಬಿಯ ನೇರ ಮಗ: ತೂತಿನಾಗ ತುಂಡು ದಾರ ಸಿಗಸೋದು. ಒಳಗ ಸ್ಪ್ರಿಂಗ್ ಇಲ್ಲ, ಉರುಳಿ ಇಲ್ಲ. ಎರಡು ತುಂಡು ಅಳತಿಗೆ ಕತ್ತರಿಸಿ ಸೇರಿಸೋದು, ಸವೆದ್ರ ಕಿತ್ತು ಬ್ಯಾರೆ ಹಾಕೋದು. ಬಡವನ ಹೆಡ್ ಅಂತಾರ, ನನಗ ಇದರ ಮ್ಯಾಲೆ ಬಹಳ ಪ್ರೀತಿ. ಜಂಬಿಟ್ಟಿಗೆ ಕಲ್ಲಿನ ಗೋಡಿ, ಕಲ್ಲು ತುಂಬಿದ ಬದು, ಹಳೇ ಕಟ್ಟಡದ ಅಂಚು ಇಂಥಲ್ಲಿ ಇದಕ್ಕ ಸಾಟಿ ಇಲ್ಲ. ಮೂರು ಎಂಎಂ ದಪ್ಪದ ದಾರನೂ ಹಿಡೀತೈತಿ, ಬಿಸಿ ಆಗಿ ಒಳಗ ಅಂಟ್ಕೊಳ್ಳೋ ಕಾಟ ಇಲ್ಲ. ಒಂದೇ ಎಚ್ಚರ, ಎರಡೂ ತುಂಡು ಸಮ ಉದ್ದ ಇರಬೇಕು. ಒಂದು ಗಿಡ್ಡ ಆದ್ರ ಹೆಡ್ ಅದುರತೈತಿ, ಆ ಅದುರು ಗೇರ್ ಡಬ್ಬಿಯ ಬೇರಿಂಗ್ ತಿಂತೈತಿ, ನಿಮ್ಮ ಮುಂಗೈನೂ ತಿಂತೈತಿ. ಆದ್ರ ದೊಡ್ಡ ಲಾನಿಗೆ ಇದು ಆಗೋ ಮಾತಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಇಂಜಿನ್ ಬಂದ್ ಮಾಡಿ ಕೂತ್ರ ಕೆಲಸ ಕೊಟ್ಟವರು ಗಡಿಯಾರ ನೋಡ್ತಾರ.

ಎರಡನೇದು ಟ್ಯಾಪ್ ಹೆಡ್. ಒಳಗ ಉರುಳಿ, ಉರುಳಿಗೆ ದಾರ ಸುತ್ತಿರತೈತಿ, ಕೆಳಗ ಸ್ಪ್ರಿಂಗಿನ ಗುಂಡಿ. ತಿರುಗೋವಾಗ ಗುಂಡಿಯನ್ನ ನೆಲಕ್ಕ ಮೆಲ್ಲಗ ಬಡಿದ್ರ ಉರುಳಿ ಒಂದು ಹಲ್ಲು ಜಾರತೈತಿ, ದಾರ ತನ್ನ ತೂಕದಿಂದ ತಾನೇ ಹೊರಗ ಬರತೈತಿ. ಬಲಾಸ್ ಆದ ಮ್ಯಾಲೆ ಬಂದ ಸುಧಾರಣೆಗಳಾಗ ಇದೇ ದೊಡ್ಡದು. ನಡುವೆ ಕೆಲಸ ನಿಲ್ಲಂಗಿಲ್ಲ, ಲಾನ್ ಕೂಲಿಗೆ ಇದೇ ಸರಿ. ಇದರೊಳಗೂ ಈಗ ಬಿಚ್ಚದೆ, ಹೊರಗಿನಿಂದ ದಾರ ತೂರಿಸಿ ಗುಂಡಿ ತಿರುವಿ ಸುತ್ತೋ ನಮೂನಿ ಬಂದಾವ. ನಾಲ್ಕು ದುಡ್ಡು ಹೆಚ್ಚಾದ್ರೂ ಅದನ್ನ ತಗೊಳ್ರಿ ಅಂತೀನಿ. ಹಳೇ ನಮೂನಿದು ಬಿಚ್ಚಿದಾಗ ಸ್ಪ್ರಿಂಗ್ ಹುಲ್ಲಿನಾಗ ಹಾರಿ ಬಿತ್ತಂದ್ರ ಅವತ್ತಿನ ಪಗಾರ ಹುಡುಕೋದರಾಗ ಹೋತು.

ನೆಲಕ್ಕ ಬಡಿಯದೆ ತಾನಾಗಿಯೇ ದಾರ ಬಿಡೋ ಆಟೋಮ್ಯಾಟಿಕ್ ಹೆಡ್ಡೂ ಅದಾವ. ಸಪಾಟು ಲಾನಿನಾಗ ಸುಖ. ಕಲ್ಲಿನ ಅಂಚಿಗೆ ಒಯ್ದ್ರ ದಾರ ಹರಿದಂಗೆಲ್ಲ ಬಿಡ್ಕೋತ ಹೋಗಿ ಅರ್ಧ ತಾಸಿನಾಗ ಉರುಳಿ ಖಾಲಿ. ನಮ್ಮ ಕಡೆ ಶಿಫಾರಸು ಮಾಡಂಗಿಲ್ಲ.

ಮೂರನೇದು ಪ್ಲಾಸ್ಟಿಕ್ ಬ್ಲೇಡಿನ ಹೆಡ್. ಎರಡು ಮೂರು ಪ್ಲಾಸ್ಟಿಕ್ ರೆಕ್ಕಿ ಮೊಳಿಗೆ ಸಡಿಲಾಗಿ ತೂಗಾಡತಾವ, ಕಲ್ಲು ತಾಗಿದ್ರ ಹಿಂದ ಸರೀತಾವ. ಕಲ್ಲಿಲ್ಲದ ಲಾನಿಗೆ, ಎಳೆ ಕರಕಿಗೆ ಅಡ್ಡಿ ಇಲ್ಲ. ಜೇಕು ಬಲಿತಿದ್ರ ಇದರ ಆಟ ನಡೆಯಂಗಿಲ್ಲ.

ನಾಲ್ಕನೇ ಜಾತಿ ಒಂದೈತಿ, ಅದನ್ನ ಜಾತಿಗೆ ಸೇರಸಬಾರದು: ಕಬ್ಬಿಣದ ಸರಪಳಿ ಹೆಡ್. ಬೈಕಿನ ಚೈನಿನಂಥ ತುಂಡುಗಳನ್ನ ತಟ್ಟಿಗೆ ಸಿಗಸಿ "ಕಲ್ಲಿಗೂ ಜಗ್ಗಂಗಿಲ್ಲ" ಅಂತ ಮಾರ್ತಾರ. ಯುರೋಪಿನಾಗ ಇಂಥ ಹೆಡ್ಡಿನ ಸರಪಳಿ ಕೊಂಡಿ ಹರಿದು ಹಾರಿ ಹತ್ತಿರ ಇದ್ದವರ ಜೀವ ಹೋದ ಮ್ಯಾಲೆ, 2012ರ ಜನವರಿಯಲ್ಲಿ ಯುರೋಪಿಯನ್ ಆಯೋಗ ಕೈಯಲ್ಲಿ ಹಿಡಿಯೋ ಬ್ರಷ್ ಕಟರಿಗೆ ಹಲವು ಲೋಹದ ತುಂಡು ಕೂಡಿಸಿ ಮಾಡಿದ ಇಂಥ ಹೆಡ್ ಮಾರೋದನ್ನೇ ನಿಷೇಧಿಸಲು ಸದಸ್ಯ ದೇಶಗಳಿಗೆ ಆದೇಶ ಮಾಡಿತು. ದಾರ ಹರಿದ್ರ ಹಾರೋದು ಗ್ರಾಂ ತೂಕದ ನೈಲಾನ್ ಚೂರು. ಕೊಂಡಿ ಹರಿದ್ರ ಹಾರೋದು ಗುಂಡು. ಕೂಲಿ ಕೆಲಸಕ್ಕ ಹೋದಲ್ಲಿ ಮಕ್ಕಳು ಆಡ್ತಿರ್ತಾರ, ಕಾರು ನಿಂತಿರ್ತಾವ. ನಮ್ಮ ಪ್ಯಾಟಿಯಾಗ ಇದು ಸಿಗತೈತಿ, ಮೊಬೈಲಿನಾಗಂತೂ ಧಾರಾಳ. ತಗೋಬ್ಯಾಡ್ರಿ. ಇದರಾಗ ನನ್ನ ಕಡೆ ಎರಡನೇ ಮಾತಿಲ್ಲ.

ಉಕ್ಕಿನ ಬ್ಲೇಡ್ ಹಂಗಲ್ಲ, ಅದಕ್ಕ ತನ್ನ ಜಾಗ ಐತಿ. ಕಬ್ಬಿನ ಅಂಚಿನ ದಪ್ಪ ಹುಲ್ಲು, ಗೋಡಂಬಿ ತೋಟದ ಪೊದಿ, ಮೇವಿಗೆ ಬೇಕಾದ ಉದ್ದ ಹುಲ್ಲು. ಬ್ಲೇಡು ಬುಡ ಕೊಯ್ದು ಹುಲ್ಲನ್ನ ಇಡಿಯಾಗಿ ಎಡಗಡೆ ಸಾಲಿಗೆ ಮಲಗಸತೈತಿ, ಹೊರೆ ಕಟ್ಟಬಹುದು. ದಾರ ಹಂಗ ಮಾಡಂಗಿಲ್ಲ, ಚೂರು ಚೂರು ಮಾಡಿ ಮಣ್ಣು ಮೆತ್ತಿಸಿ ಒಗೀತೈತಿ. ಎಮ್ಮಿ ಮೂಸಿ ನೋಡಿ ಮುಖ ತಿರುವತೈತಿ. ಅದಕ್ಕಿಂತ ದೊಡ್ಡದು, ಸವೆದ ನೈಲಾನ್ ಎಲ್ಲಿ ಹೋಗತೈತಿ? ಮೂರು ಮೀಟರ್ ದಾರ ಖಾಲಿ ಆಯ್ತಂದ್ರ ಆ ಮೂರು ಮೀಟರೂ ಚೂರಾಗಿ ಅದೇ ಹುಲ್ಲಿನಾಗ ಬಿದ್ದೈತಿ. ಹಿಂಗಾಗಿ ಮೇವಿನ ಬದುವಿಗೆ ದಾರ ಹಾಕಬಾರದು. ರೆಸಾರ್ಟಿನ ಲಾನ್ ಹುಲ್ಲು ಫ್ರೀ ಸಿಕ್ತು ಅಂತ ಚೀಲದಾಗ ತುಂಬಿ ತಂದು ದನಕ್ಕ ಹಾಕೋದೂ ಬ್ಯಾಡ. ಅದಕ್ಕ ಏನೇನು ಔಷಧ ಹೊಡದಿರ್ತಾರೋ. ಬ್ಲೇಡ್ ಹಾಕಿದಾಗ ಗಡಿಯಾರದ 12ರಿಂದ 2ರವರೆಗಿನ ಮೂಲಿಯನ್ನ ಬೊಡ್ಡಿಗೆ, ಕಲ್ಲಿಗೆ ತಾಗಸಬ್ಯಾಡ್ರಿ, ಆ ಮೂಲಿ ತಾಗಿದ್ರ ಮಷಿನ್ ಒದೀತೈತಿ.

ಈಗ ಬಲಾಸನ ಕಥಿಯ ಉಲ್ಟಾ ಭಾಗ. ಅವ ದಾರ ಕಂಡು ಹಿಡಿದದ್ದು ಗಿಡ ಉಳಸಾಕ. ದೊಡ್ಡ ಗಿಡದ ದಪ್ಪ ತೊಗಟಿಗೆ ಅದು ನಿಜ. ಎರಡು ಮೂರು ವರ್ಷದ ಗೋಡಂಬಿ ಸಸಿ, ಮಾವಿನ ಕಸಿ, ಲಾನಿನಾಗ ನೆಟ್ಟ ಅಲಂಕಾರದ ಗಿಡ, ಇವಕ್ಕ ತಾಸಿಗೆ ಐದುನೂರು ಕಿಲೋಮೀಟರಿನ ದಾರ ಎಂಟು ದಿನಕ್ಕೊಮ್ಮೆ ಬುಡಕ್ಕ ತಾಗಿದ್ರ ತೊಗಟಿ ಸುಲಿದು ಸುತ್ತ ಬಳಿ ಆಗತೈತಿ. ಎಲಿಯಾಗ ತಯಾರಾದ ಆಹಾರ ಬೇರಿಗೆ ಇಳಿಯೋದು ತೊಗಟಿಯ ಒಳಪದರಿನಿಂದ. ಆ ಬಳಿ ಪೂರಾ ಆಯ್ತಂದ್ರ ಬೇರು ಉಪವಾಸ ಬಿದ್ದು ಗಿಡ ಒಣಗತೈತಿ, ಅದೂ ತಡಮಾಡಿ, ಕೊಯ್ದವ ಕೂಲಿ ತಗೊಂಡು ಹೋದ ಎಷ್ಟೋ ತಿಂಗಳ ಮ್ಯಾಲೆ. ರೋಗ ಅಂತ ಔಷಧ ಹೊಡೀತಾರ. ಸಸಿ ಸುತ್ತ ಒಂದು ಮೊಳ ಕೈಯಿಂದ ಕಸ ತೆಗೆದು ಒಣ ತರಗ ಹಾಕ್ರಿ, ಮಷಿನ್ ಅದರ ಹೊರಗ ತಿರುಗಲಿ. ಲಾನ್ ಮಾಲಕರಿಗೂ ಇದನ್ನ ಮೊದಲೇ ಹೇಳಿ ಕೆಲಸ ಹಿಡೀರಿ.

ಹಂಗ ನಮ್ಮೂರ ಭೂವರಾಹ ನರಸಿಂಹ ಗುಡಿ. ಗೋವೆಯ ಕದಂಬರ ಕಾಲದ್ದು, 12ನೇ ಶತಮಾನದ ಶಾಸನ ಐತಿ. ಎರಡು ಗರ್ಭಗುಡಿ ಎದುರುಬದುರು, ಸುತ್ತ ಸಣ್ಣ ಗುಡಿಗಳು. ಶ್ರಾವಣ ಭಾದ್ರಪದದಾಗ ಇಂಥ ಹಳೇ ಗುಡಿಗಳ ಅಂಗಳದಾಗ ಮೊಣಕಾಲು ಮಟ ಹುಲ್ಲು ಏಳತೈತಿ. ಇಂಥಲ್ಲಿ ಬ್ಲೇಡ್ ಅನ್ನೋದನ್ನ ಮನಸ್ಸಿನಾಗೂ ತರಬಾರದು. ದಾರ ಮೆತ್ತಗಂತೀರಾ? ದಾರ ಕಲ್ಲನ್ನ ಕಡಿಯಂಗಿಲ್ಲ ಖರೆ, ಆದ್ರ ದಾರ ಎಬ್ಬಿಸೋ ಹರಳು ಕೆತ್ತನಿಗೆ ಬಡೀತೈತಿ. ಸಾವಿರ ಮಳಿ ತಡದ ಹೂವಿನ ಎಸಳಿನ ಅಂಚು ಒಂದು ಹರಳಿಗೆ ಸಿಡಿದ್ರ ಯಾರು ಕಟ್ಟಿ ಕೊಡ್ತಾರ? ಹಳೇ ಗುಡಿ, ವೀರಗಲ್ಲು, ಶಾಸನ ಎಲ್ಲೇ ಇರಲಿ, ಉಸ್ತುವಾರಿ ಇದ್ದವರನ್ನ ಕೇಳದೆ ಮಷಿನ್ ಚಾಲೂ ಮಾಡಬ್ಯಾಡ್ರಿ. ಕಲ್ಲಿನಿಂದ ಎರಡು ಮಾರು ಕೈಕುಡಗೋಲು, ಅದರಾಚೆ ದಾರ. ದೇಗಾವಿಯ ಕಮಲನಾರಾಯಣ ಗುಡಿಯಂಥಲ್ಲೂ ಇದೇ ಮಾತು.

ಇನ್ನ ದಾರದ ದಪ್ಪ. ಲಾನಿಗೆ 2.4 ಎಂಎಂ ಸಾಕು. ಬಹಳ ಮಂದಿ ದಪ್ಪ ಇದ್ದಷ್ಟು ಛಲೋ ಅಂತ 3 ಎಂಎಂ ತುಂಬ್ತಾರ. 3 ಎಂಎಂ ದಾರ 2.4ಕ್ಕಿಂತ ಮೀಟರಿಗೆ ಒಂದೂವರೆ ಪಟ್ಟು ಮಿಕ್ಕಿ ತೂಕ. ಸಣ್ಣ ಇಂಜಿನ್ ಅದನ್ನ ತಿರುವೋದರಾಗ ದಣೀತೈತಿ, ಸುತ್ತು ಇಳಿದು ಹುಲ್ಲು ಕೊಯ್ಯದೆ ಹರೀತೈತಿ, ಮರುದಿನ ಲಾನಿನ ತುದಿ ಕಂದು ಬಣ್ಣ. ಲಾನ್ ಕೊಟ್ಟವರು ಬೈಯೋದು ಆ ಕಂದು ಬಣ್ಣಕ್ಕ. ಚೌಕಾಕಾರದ ದಾರಕ್ಕ ಮೂಲಿ ಇರೋದರಿಂದ ಹುಲ್ಲು ಸ್ವಚ್ಛ ಕೊಯ್ಯತೈತಿ, ಆದ್ರ ಕಲ್ಲಿಗೆ ಬೇಗ ಹರೀತೈತಿ. ದುಂಡು ದಾರ ತಾಳಿಕಿ. ಗೋಡಿ ಅಂಚು ಹೆಚ್ಚಿದ್ರ ದುಂಡು, ಬರೇ ಬಯಲು ಲಾನಿದ್ರ ಚೌಕ. ತಿರುಚಿದ ದಾರ ಸದ್ದು ಕಡಿಮಿ ಮಾಡತೈತಿ, ಮನಿ ಹತ್ತಿರದ ಕೆಲಸಕ್ಕ ಅಷ್ಟೇ.

ನೈಲಾನ್ ನೀರು ಹೀರೋ ವಸ್ತು. ಒಳಗ ತೇವ ಇದ್ರ ಬಳಕತೈತಿ, ಒಣಗಿದ್ರ ಚಟ್ ಅಂತ ಮುರೀತೈತಿ. ಮಳಿಗಾಲದಾಗ ಛಲೋ ನಡೆದ ಅದೇ ದಾರ ಮಾರ್ಚ್ ಏಪ್ರಿಲ್‌ದಾಗ ಕಡ್ಡಿಯಂಗ ತುಂಡಾಗೋದು ಇದಕ್ಕ. ಬ್ಯಾಸಿಗಿಯಾಗ ಕೆಲಸದ ಹಿಂದಿನ ರಾತ್ರಿ ದಾರವನ್ನ ಬಕೆಟ್ ನೀರಿನಾಗ ನೆನಿ ಇಡ್ರಿ. ತಗಡಿನ ಶೆಡ್ಡಿನಾಗ ಬಿಸಿಲಿಗೆ ನೇತು ಹಾಕಬ್ಯಾಡ್ರಿ. ಉರುಳಿಗೆ ಸುತ್ತುವಾಗ ಅಂಚಿನ ತನಕ ತುಂಬದೆ ಸ್ವಲ್ಪ ಜಾಗ ಬಿಡ್ರಿ, ಒಂದರ ಮ್ಯಾಲೊಂದು ಅಡ್ಡಡ್ಡ ಹಾಯದಂಗ ಸಾಲಾಗಿ, ಬಾಣದ ಗುರುತು ತೋರಿಸಿದ ಕಡೆ ಸುತ್ರಿ. ಅಡ್ಡಾದಿಡ್ಡಿ ಸುತ್ತಿದ್ದು ಅದುರಿಗೆ ತಿಕ್ಕಿ ಬಿಸಿ ಆಗಿ ಬೆಸುಗಿ ಹಾಕಿದಂಗ ಅಂಟತೈತಿ. ಆಗ ನೆಲಕ್ಕ ಎಷ್ಟು ಬಡಿದ್ರೂ ದಾರ ಬರಂಗಿಲ್ಲ, ಹುಡುಗರು ಸಿಟ್ಟಿಗೆ ಬಡಿದು ಗುಂಡಿನೇ ಒಡೀತಾರ.

ಹಂಗಾದ್ರ ಲಾನ್ ಕೂಲಿಗೆ ಹೋಗೋ ಹುಡುಗರಿಗೆ ನಾ ಹೇಳೋದು: ಎರಡು ದಾರ ಹೊರಗ ಬರೋ, ಹೊರಗಿನಿಂದ ತುಂಬೋ ಟ್ಯಾಪ್ ಹೆಡ್ ಒಂದು, 2.4 ದಾರ. ಚೀಲದಾಗ ತುಂಡು ದಾರದ ಹೆಡ್ ಇನ್ನೊಂದು, ಕಲ್ಲಿನ ಅಂಚಿಗೆ. ಎರಡಕ್ಕೂ ಚಾಕು ಇರೋ ಗಾರ್ಡ್. ಕಣ್ಣಿಗೆ ಚಷ್ಮಾ. ಮಂದಿ, ದನ, ಕಾರು ಎಲ್ಲ 15 ಮೀಟರ್ ದೂರ. ಮಷಿನ್ ಜೋಡಿ ಬರೋ ಪುಸ್ತಕದಾಗ ಇದನ್ನೇ ಬರದಿರ್ತಾರ, ಯಾರೂ ಓದಂಗಿಲ್ಲ.

ಖರೀದಿಗೆ ಹೋಗೋ ಮೊದಲ ಗೇರ್ ಡಬ್ಬಿಯ ಮೊಳಿ ನೋಡ್ಕೊಳ್ರಿ. ಉದ್ದ ನೆಟ್ಟ ಕೊಳವಿಯ ಬಹಳಷ್ಟು ಮಷಿನ್ನಿಗೆ ಎಡ ತಿರುವಿನ ತಿರುಪು, ಅಂದ್ರ ಬಿಗಿ ಮಾಡಾಕ ಉಲ್ಟಾ ತಿರುವಬೇಕು. ಪ್ಯಾಟಿಯ ಸಾದಾ ಮಷಿನ್ನಿಗೆ 10 ಎಂಎಂ ದಪ್ಪ, 1.25 ಪಿಚ್. ಕೆಲವು ಕಂಪನಿಯವಕ್ಕ ಅದೇ 10 ಎಂಎಂ, ಆದ್ರ ಪಿಚ್ 1.0. ಕಣ್ಣಿಗೆ ಎರಡೂ ಒಂದೇ ಕಾಣ್ತಾವ, ಎರಡು ಸುತ್ತು ಹತ್ತಿ ಬಿಗೀತಾವ, ಜೋರು ಮಾಡಿದ್ರ ಹಲ್ಲು ಹೋತು. ಹಳೇ ಹೆಡ್ಡಿನ ನಟ್ ಬಿಚ್ಚಿ ಕಿಸೆಯಾಗ ಹಾಕ್ಕೊಂಡು ಹೋಗ್ರಿ, ಹೊಸಾ ಹೆಡ್ಡಿನ ಜೋಡಿ ಅಂಗಡಿಯಾಗನ ಹಚ್ಚಿ ನೋಡಿ ರೊಕ್ಕ ಕೊಡ್ರಿ.